ಆನೆಗೊಂದಿಯ ದೋಣಿಯೂ ಅದರ ಯಂತ್ರವೂ

ಯಲಬುರ್ಗೆಯ ಎರೆಹೊಲಗಳ ನಡುವೆ ಹುಟ್ಟಿ ಬೆಳೆದ ನನಗೆ ದೋಣಿಯೆಂಬುದು ಬಹುಕಾಲ ಬರಿಯ ಶಬ್ದವಾಗಿದ್ದಿತು. ನೌಕೆ, ತರಣಿ, ಪ್ಲವ, ಉಡುಪ ಎಂದು ಅಮರಕೋಶದ ಹೆಸರುಗಳನ್ನು ಬಾಲ್ಯದಲ್ಲಿ ಬಾಯಿಪಾಠ ಮಾಡಿದ್ದೆನೇ ಹೊರತು ಅವುಗಳಲ್ಲಿ ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ. ಹಳ್ಳದ ರಾಡಿನೀರು ಮೊಣಕಾಲನ್ನು ಮುಟ್ಟಿದರೆ ನಮ್ಮೂರಿಗೆ ಅದೇ ಮಹಾಪ್ರವಾಹ. ಮುಂದೆ ಗಂಗಾವತಿಯ ಸೀಮೆಗೆ ಉಪಾಧ್ಯಾಯನಾಗಿ ಬಂದು, ಒಂದು ರವಿವಾರ ಆನೆಗೊಂದಿಯ ಕಡವಿನಲ್ಲಿ ನಿಂತಾಗ, ಬುಟ್ಟಿಯಂತೆ ದುಂಡಗಿರುವ ಹರಿಗೋಲೊಂದು ತಿರುತಿರುಗುತ್ತ ಬಂದು ನನ್ನ ಕಾಲಬುಡದಲ್ಲಿ ನಿಂತಿತು. ರಘುವಂಶದ ಆರಂಭದಲ್ಲಿ ಕಾಳಿದಾಸನು ಸಾಗರವನ್ನು ದಾಟಲು ಹೊರಡುವ ‘ಉಡುಪ’ವನ್ನು ನಾನು ಅಂದಿನವರೆಗೆ ‘ಸಣ್ಣ ದೋಣಿ’ ಎಂದು ಹೇಳಿಕೊಡುತ್ತಿದ್ದೆನು. ಉಡುಪವೆಂದರೆ ಚರ್ಮವನ್ನು ಬಿಗಿದದ್ದು ಎಂಬ ಅರ್ಥವು ಮಲ್ಲಿನಾಥನ ವ್ಯಾಖ್ಯಾನದಲ್ಲಿಯೇ ಇದ್ದರೂ ನನ್ನ ಕಣ್ಣು ಅದರ ಮೇಲೆ ನಿಂತಿರಲಿಲ್ಲ. 1520ರ ಸುಮಾರಿಗೆ ಇಲ್ಲಿಗೆ ಬಂದಿದ್ದ ಪೋರ್ತುಗೀಸ ಪ್ರವಾಸಿ ಡೊಮಿಂಗೊ ಪಾಯಸನೂ ಇದನ್ನೇ ಕಂಡು ಬರೆದಿದ್ದಾನೆ: ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನರು ಹಿಡಿಯುತ್ತಾರೆ, ಹುಟ್ಟು ಹಾಕಿದಂತೆಲ್ಲ ದೋಣಿಯು ಸುತ್ತುತ್ತಲೇ ಇರುತ್ತದೆ. ಇಂದು ತೊಗಲಿನ ಸ್ಥಾನದಲ್ಲಿ ಪ್ಲಾಸ್ಟಿಕ್ ಚೀಲಗಳೂ ಡಾಂಬರೂ ಬಂದಿವೆ. ಸುತ್ತುವ ಸ್ವಭಾವ ಮಾತ್ರ ಹೋಗಿಲ್ಲ.

ಆ ಹರಿಗೋಲಿನ ಅಂಬಿಗನ ಮಗನು ಮುಂದೆ ನನ್ನ ಶಿಷ್ಯನಾದನು. ವ್ಯಾಕರಣದಲ್ಲಿ ಅವನಿಗೆ ಏನೂ ಹತ್ತಲಿಲ್ಲ. ಕೈಕೆಲಸದಲ್ಲಿ ಬುದ್ಧಿ ಚುರುಕು. ನವವೃಂದಾವನ ಗಡ್ಡೆಗೆ ಹೋಗುವ ಯಾತ್ರಿಕರನ್ನು ದಾಟಿಸುವುದಕ್ಕಾಗಿ ಅವನು ಒಂದು ಉದ್ದದೋಣಿಯನ್ನೂ ಅದರ ಹಿಂಬದಿಗೆ ಕಚ್ಚಿಸುವ ಒಂದು ಪೆಟ್ರೋಲ್ ಯಂತ್ರವನ್ನೂ ಕೊಂಡನು. ಅದಕ್ಕೆ 40,000 ರೂಪಾಯಿಗಳನ್ನು ನನ್ನ ನಿವೃತ್ತಿಯ ಹಣದಿಂದ ನಾನೇ ಕೊಟ್ಟಿದ್ದೆನು. ಮನೆಯಲ್ಲಿ ಈ ಮಾತನ್ನು ತಡವಾಗಿ ಹೇಳಿದೆನೆಂಬುದು ಬೇರೆ ಪ್ರಕರಣ.

2024ನೆಯ ಇಸವಿಯ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಆಣೆಕಟ್ಟಿನ 33 ಬಾಗಿಲುಗಳಲ್ಲಿ 19ನೆಯದು ಸರಪಳಿ ಹರಿದು ಕೊಚ್ಚಿಕೊಂಡು ಹೋದ ಸಂಗತಿಯು ವಾಚಕರಿಗೆ ನೆನಪಿರಬಹುದು. ಕಟ್ಟೆಯ ಮೇಲಿನ ಭಾರವನ್ನು ಇಳಿಸುವುದಕ್ಕಾಗಿ ಉಳಿದ ಬಾಗಿಲುಗಳನ್ನೂ ತೆರೆದರು. ಸುಮಾರು ಒಂದು ಲಕ್ಷ ಕ್ಯೂಸೆಕ್ ನೀರು ಹೊಳೆಗೆ ಇಳಿಯಿತು. ತಲೆಬಾಗಿಲು ಇಲ್ಲದ ಆ ಕಂಡಿಗೆ ಒಂದು ವಾರದೊಳಗಾಗಿ ತಾತ್ಕಾಲಿಕ ತಡೆಹಲಗೆಗಳನ್ನು ಇಳಿಸಿ ನೀರನ್ನು ಉಳಿಸಿಕೊಂಡದ್ದು ಇಂಜಿನಿಯರುಗಳ ಸಾಹಸ. ಆದರೆ ಆ ರಾತ್ರಿ ಆನೆಗೊಂದಿಯ ದಂಡೆಯಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ. ನನ್ನ ಶಿಷ್ಯನು ಯಂತ್ರವನ್ನು ಬಿಚ್ಚಿ, ಹೊಟ್ಟೆಯಲ್ಲಿ ಪೆಟ್ರೋಲ್ ಇದ್ದ ಹಾಗೆಯೇ, ಮೈಗೆ ಕೆಸರು ಮೆತ್ತಿದ ಹಾಗೆಯೇ, ದನದ ಕೊಟ್ಟಿಗೆಯ ಮೂಲೆಯಲ್ಲಿ ಮಲಗಿಸಿದನು. ಹೊಳೆ ಇಳಿದು ಕಾರ್ತಿಕ ಬಂದಿತು, ಯಾತ್ರಿಕರೂ ಬಂದರು, ಯಂತ್ರವು ಮಾತ್ರ ಉಸಿರೆತ್ತಲಿಲ್ಲ. ಇಂಧನವು ಒಳಗೇ ಆರಿ ಅಂಟಾಗಿ, ಕಾರ್ಬೊರೇಟರಿನ ಸೂಜಿಯಷ್ಟು ಸಣ್ಣ ರಂಧ್ರಗಳನ್ನೆಲ್ಲ ಮುಚ್ಚಿದ್ದಿತು. ರಿಪೇರಿಯಾಗುವಷ್ಟರಲ್ಲಿ ಆ ಸುಗ್ಗಿ ಮುಗಿಯಿತು. ತಂದೆ ಮಕ್ಕಳಲ್ಲಿ ಮಾತು ನಿಂತಿತು. ನನ್ನ ಹಣದ ಮಾತನ್ನು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಕಂಡಾಗಲೆಲ್ಲ ಅವನು ತಲೆ ತಗ್ಗಿಸುವುದನ್ನು ನೋಡುವುದು ಮಾತ್ರ ನನಗೆ ಕಷ್ಟವಾಯಿತು.

ಆದಕಾರಣ 2025ರ ಜೂನ್ ತಿಂಗಳ ಮೂರನೆಯ ವಾರದಲ್ಲಿ, ಹೊಳೆಯು ಇನ್ನೂ ಬಂಡೆಗಳ ನಡುವೆ ಸಾಧುವಾಗಿ ಹರಿಯುತ್ತಿದ್ದಾಗಲೇ, ನಾನು ಗಂಗಾವತಿಯಿಂದ ಬಸ್ಸು ಹತ್ತಿದೆನು. ಭತ್ತದ ಸಸಿಮಡಿಗಳಿಗೆ ನೀರು ಕಟ್ಟುತ್ತಿದ್ದರು. ದಾರಿಯ ಎರಡೂ ಕಡೆಗೆ ಒಂದರ ಮೇಲೊಂದು ಹೇರಿದಂತಿರುವ ಬಂಡೆಗುಡ್ಡಗಳನ್ನು ಎಷ್ಟು ಸಲ ನೋಡಿದರೂ, ಇವು ಈಗಲೇ ಉರುಳಿಯಾವೆಂಬ ಅಳುಕು ನನಗೆ ಹೋಗುವುದಿಲ್ಲ.

ಜೇಬಿನಲ್ಲಿ ನಾಲ್ಕು ಹಾಳೆಗಳಿದ್ದವು. ಶೀತದೇಶಗಳಲ್ಲಿ ಕೆರೆ ಹೊಳೆಗಳು ಹೆಪ್ಪುಗಟ್ಟುವ ಮುನ್ನ ದೋಣಿಯ ಯಂತ್ರವನ್ನು ಚಳಿಗಾಲದ ವಿಶ್ರಾಂತಿಗೆ ಸಿದ್ಧಪಡಿಸುವ ಕ್ರಮವನ್ನು ಒಂದು ಇಂಗ್ಲಿಷ್ ಪುಸ್ತಕದಲ್ಲಿ ಓದಿ, ಶಿಷ್ಯನಿಗಾಗಿ ಕನ್ನಡಿಸಿದ್ದೆನು. ಅಲ್ಲಿಯವರ ಭಯವೇ ಬೇರೆ. ನೀರು ಮಂಜಾಗುವಾಗ ಗಾತ್ರದಲ್ಲಿ ಸುಮಾರು ಹನ್ನೊಂದರಲ್ಲಿ ಒಂದು ಪಾಲು ಹಿಗ್ಗುವುದರಿಂದ, ಯಂತ್ರದ ಒಡಲಲ್ಲಿ ನೀರು ಉಳಿದರೆ ಎರಕದ ಲೋಹವೂ ಬಿರಿಯುತ್ತದೆ. ನಮ್ಮಲ್ಲಿ ಮಂಜಿಲ್ಲ, ನಮ್ಮ ಶತ್ರುಗಳು ಮಳೆಗಾಲದ ತೇವ, ಹೊಳೆಯ ರೇವೆ, ಕೊಳವೆಗಳಲ್ಲಿ ಮಣ್ಣಿನ ಗೂಡು ಕಟ್ಟುವ ಕಣಜ, ಮತ್ತು ಇಲಿ. ಶಿಷ್ಯನು ನನ್ನ ಹಾಳೆಯನ್ನು ಎತ್ತಿಕೊಂಡು ‘ಇಂಧನನಿಷ್ಕಾಸನಾನಂತರಂ’ ಎಂಬಲ್ಲಿಯೇ ನಿಂತುಬಿಟ್ಟನು.

“ಗುರುಗಳ, ಇದು ಪೆಟ್ರೋಲ್ ತಗಿಯೂದೇನ್ರಿ?”

“ಅದೇ ತಮ್ಮಾ.”

“ಹಂಗಂತ ಬರೀಬೇಕಿಲ್ರಿ.”

ಮೂವತ್ತು ವರ್ಷ ಪಾಠ ಹೇಳಿದವನಿಗೆ ಈ ತಿದ್ದುಪಡಿ ಆ ದಿನ ಸಂದಿತು.

ಕೆಲಸಕ್ಕೆ ತೊಡಗಿದೆವು. ಬಾವಿಯ ತಿಳಿನೀರು ತುಂಬಿದ ಪೀಪಾಯಿಯಲ್ಲಿ ಯಂತ್ರದ ಕೆಳಭಾಗವನ್ನು ಮುಳುಗಿಸಿ ಚಾಲೂ ಮಾಡಿದನು. ಪಕ್ಕದ ಸಣ್ಣ ಕಿಂಡಿಯಿಂದ ಮೊದಲು ಕೆಂಪಾದ ನೀರು ಚಿಮ್ಮಿತು, ಆಮೇಲೆ ತಿಳಿಯಾಯಿತು. ತಂಪುನೀರಿನ ಹಾದಿಯಲ್ಲಿ ರೇವೆ ಉಳಿದಿಲ್ಲವೆಂದು ಅದರಿಂದ ತಿಳಿಯಬೇಕು. ಅನಂತರ ಪೆಟ್ರೋಲ್ ನಳಿಗೆಯನ್ನು ಕಳಚಿದನು. ಯಂತ್ರವು ಒಳಗಿದ್ದುದನ್ನೆಲ್ಲ ಕುಡಿದು, ಎರಡು ಸಲ ಕೆಮ್ಮಿ, ತಾನಾಗಿಯೇ ನಿಂತಿತು. ಮೈ ಬೆಚ್ಚಗಿರುವಾಗಲೇ ಹಳೆಯ ಆಯಿಲ್ ಬಸಿದನು. ತಣ್ಣಗಾದರೆ ಕರಿಯ ಮಡ್ಡಿ ತಳದಲ್ಲಿಯೇ ನಿಲ್ಲುತ್ತದೆ, ಅದರಲ್ಲಿರುವ ಆಮ್ಲವು ಮಳೆಗಾಲವಿಡೀ ಲೋಹವನ್ನು ತಿನ್ನುತ್ತದೆ. ಹೊಸ ಆಯಿಲ್ ತುಂಬಿ, ಪ್ಲಗ್ಗನ್ನು ಬಿಚ್ಚಿ, ಸಿಲಿಂಡರಿನೊಳಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು, ಹಗ್ಗವನ್ನು ಮೆಲ್ಲನೆ ನಾಲ್ಕು ಸಲ ಎಳೆದನು. ಒಳಗೋಡೆಗೆಲ್ಲ ಅಭ್ಯಂಜನವಾಯಿತು.

ಅಷ್ಟರಲ್ಲಿ ಅವನ ತಂದೆಯು ತನ್ನ ಹರಿಗೋಲನ್ನು ತಲೆಯ ಮೇಲೆ ಹೊತ್ತು ತಂದು, ಮೂರು ಕಲ್ಲುಗಳ ಮೇಲೆ ಬೋರಲು ಹಾಕಿ, ಬಿರುಕುಗಳಿಗೆ ಡಾಂಬರು ಬಳಿದು, ಎಲೆಯಡಿಕೆ ಹಾಕಿಕೊಂಡು ಕುಳಿತಿದ್ದನು. “ಮಾಸ್ತರ್ರ, ನನ್ನ ಇಂಜಿನ್ ಮಲಗಿಸಿ ಆತು ನೋಡ್ರಿ,” ಎಂದನು ನನಗೆ. ಮಗನ ಕಡೆಗೆ ನೋಡಲಿಲ್ಲ.

ಉಳಿದದ್ದು ಕೆಳಗಿನ ಗೇರುಪೆಟ್ಟಿಗೆ. ಅದನ್ನು ಬಿಡೋಣವೆಂದು ಶಿಷ್ಯನ ಮನಸ್ಸು. ಆರು ತಿಂಗಳ ಹಿಂದೆಯಷ್ಟೇ ರಿಪೇರಿಯಾಗಿ ಬಂದದ್ದಲ್ಲವೇ? ಹಾಳೆಯಲ್ಲಿ ಬರೆದಿದೆ, ಬಿಚ್ಚು ಎಂದೆನು. ನನಗೆ ಯಂತ್ರಜ್ಞಾನವಿಲ್ಲ, ಬರೆದದ್ದನ್ನು ಬಿಡಬಾರದೆಂಬ ಪಾಠಶಾಲೆಯ ಹಟ ಮಾತ್ರ ಇದ್ದಿತು. ತಿರುಪು ತೆಗೆದಾಗ ಹೊರಬಂದದ್ದು ಆಯಿಲ್ ಅಲ್ಲ, ಮಜ್ಜಿಗೆ! ಬೆಳ್ಳಗೆ ಕದಡಿದ ಅಂಬಲಿಯಂಥ ದ್ರವ. ಆಯಿಲಿನೊಂದಿಗೆ ನೀರು ಬೆರೆತಾಗ ಹೀಗಾಗುತ್ತದೆ. ಶಿಷ್ಯನ ಮುಖ ಬಾಡಿತು. ನೀರು ಎಲ್ಲಿಂದ ಹೊಕ್ಕಿತೆಂದು ನಮಗಿಬ್ಬರಿಗೂ ತೋಚಲಿಲ್ಲ.

ಮುದುಕನು ಎದ್ದು ಬಂದನು. ಪೆಟ್ಟಿಗೆಯನ್ನು ನೋಡಲಿಲ್ಲ, ನೀರು ತಳ್ಳುವ ಪಂಖವನ್ನು ಬೆರಳಿನಿಂದ ತಡವಿದನು. “ಇದನ್ನ ತಗಿ,” ಎಂದನು. ಒಂದು ವರ್ಷದ ಬಳಿಕ ಮಗನಿಗೆ ಆಡಿದ ಮೊದಲ ಮಾತು ಇದೇ ಇರಬೇಕು. ಪಂಖವನ್ನು ಕಳಚಿದಾಗ, ಅದರ ಹಿಂದೆ ದಂಡದ ಸುತ್ತ, ಮೀನುಬಲೆಯ ನೈಲಾನ್ ನೂಲು ಹತ್ತಾರು ಸುತ್ತು ಬಿಗಿದುಕೊಂಡಿದ್ದಿತು. ಅದು ರಬ್ಬರ್ ಸೀಲನ್ನು ಕೊರೆದು ನೀರಿಗೆ ದಾರಿ ಮಾಡಿದ್ದಿತು. “ಹರಿದ ಬಲಿ ಹೊಳ್ಯಾಗ ಬಿಡಬ್ಯಾಡ ಅಂತ ಎಷ್ಟ್ ಸಲ ಹೇಳೇನಿ,” ಎಂದು ಮುದುಕನು ಗೊಣಗಿದನು. ಯಾರಿಗೆ ಹೇಳಿದ್ದನೋ, ಯಾರ ಬಲೆಯೋ ತಿಳಿಯದು. ನಾಲ್ಕು ತಿಂಗಳು ಹಾಗೆಯೇ ಬಿಟ್ಟಿದ್ದರೆ ಹಲ್ಲುಚಕ್ರಗಳಿಗೆ ತುಕ್ಕು ಹಿಡಿದು, ಮತ್ತೊಂದು ಕಾರ್ತಿಕವೂ ಹೋಗುತ್ತಿದ್ದಿತು.

ಶಿಷ್ಯನು ಆಗಲೇ ಮೋಟಾರುಸೈಕಲ್ ಹತ್ತಿ, ಕಡೆಬಾಗಿಲು ಸೇತುವೆಯ ಮೇಲಿಂದ ಹೊಸಪೇಟೆಗೆ ಹೋಗಿ, ಸಂಜೆಯೊಳಗಾಗಿ ಹೊಸ ಸೀಲನ್ನು ತಂದನು. ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಯಿತು. ಈ ಸಲ ಯಂತ್ರವನ್ನು ಮಲಗಿಸಲಿಲ್ಲ. ಉಳಿದ ನೀರು ತಾನಾಗಿ ಇಳಿಯಲೆಂದು ಮರದ ಚೌಕಟ್ಟಿಗೆ ನೆಟ್ಟಗೆ ಕಚ್ಚಿಸಿ, ಪಡಸಾಲೆಯ ಕಟ್ಟೆಯ ಮೇಲೆ ನಿಲ್ಲಿಸಿದೆವು. ಶಿಷ್ಯನು ಪ್ಲಾಸ್ಟಿಕ್ ಹಾಳೆಯನ್ನು ಸುತ್ತಹೊರಟನು. ಅದರೊಳಗೆ ಬೆವರು ಕಟ್ಟಿ ತುಕ್ಕು ಹಿಡಿಯುತ್ತದೆಂದು ತಡೆದೆನು. ಮುದುಕನು ಒಳಗೆ ಹೋಗಿ ಹಳೆಯ ಕೌದಿಯೊಂದನ್ನು ತಂದು ಹೊದಿಸಿದನು.

ಜುಲೈ ತಿಂಗಳಲ್ಲಿ ಆಣೆಕಟ್ಟಿನ ಬಾಗಿಲುಗಳನ್ನು ತೆರೆದರು. ಕಡವಿನ ಬಂಡೆಗಳು ಮುಳುಗಿದವು, ದೋಣಿಗಳು ನಿಂತವು. ತಿಂಗಳಿಗೊಮ್ಮೆ ಹಗ್ಗವನ್ನು ಮೆಲ್ಲನೆ ಎಳೆದು ಯಂತ್ರವನ್ನು ತಿರುಗಿಸಬೇಕೆಂದು ನಾನು ಹೇಳಿ ಬಂದಿದ್ದೆನು. ಶ್ರಾವಣದಲ್ಲಿ ದೂರವಾಣಿಯಲ್ಲಿ ವಿಚಾರಿಸಿದಾಗ ಶಿಷ್ಯನು ನಕ್ಕನು. ಆ ಕೆಲಸಕ್ಕೆ ಅವನ ಕೈ ಹತ್ತಗೊಡದೆ, ಅಮಾವಾಸ್ಯೆಗೊಮ್ಮೆ ಕೌದಿಯನ್ನು ಸರಿಸಿ, ಮುದುಕನೇ ಹಗ್ಗ ಎಳೆಯುತ್ತಿದ್ದಾನಂತೆ.