ಬ್ಯಾಟ್ರಿ ಇರ್ಬೇಕು ಸಾ

ಕಾರು ಏಳದಿದ್ದುದಕ್ಕೆ ನನಗೆ ಸಿಟ್ಟು ಬರಲಿಲ್ಲ. ಅದಕ್ಕೂ ವಯಸ್ಸಾಗಿದೆ, ನನಗೂ ಆಗಿದೆ. ಬೆಳಗಿನ ಹೊತ್ತು ಏಳಲಾರೆ ಎನ್ನುವ ಹಕ್ಕು ಇಬ್ಬರಿಗೂ ಇದೆ. ಸಿಟ್ಟು ಬಂದದ್ದು ಬೀದಿಯವರ ಮೇಲೆ. ತೆರೆದ ಬಾನೆಟ್ಟಿನ ಮುಂದೆ ಹಾದುಹೋದ ಒಬ್ಬೊಬ್ಬರೂ, ಒಳಗೆ ಇಣುಕುವ ಶ್ರಮ ಕೂಡ ಪಡದೆ, "ಬ್ಯಾಟ್ರಿ ಇರ್ಬೇಕು ಸಾ" ಎಂದು ತೀರ್ಪು ಕೊಟ್ಟು ಮುಂದೆ ಹೋದರು. ಹಾಲಿನವನು ಹೇಳಿದ. ಪೇಪರಿನ ಹುಡುಗ, ಇನ್ನೂ ಮೀಸೆ ಮೂಡದವನು, ಸೈಕಲ್ಲಿನಿಂದ ಇಳಿಯದೆಯೇ ಹೇಳಿದ. ವಾಕಿಂಗ್ ಹೊರಟಿದ್ದ ನಿವೃತ್ತ ಅಧಿಕಾರಿಯೊಬ್ಬರು ಮಾತ್ರ, ಕಡತಕ್ಕೆ ಷರಾ ಬರೆಯುವ ಧಾಟಿಯಲ್ಲಿ, "ಬ್ಯಾಟರಿ ಪರಿಶೀಲಿಸಲಾಗಿದೆಯೆ?" ಎಂದರು. ಎದುರು ಮನೆಯಾಕೆ ಕಾಂಪೌಂಡಿನಾಚೆಯಿಂದ ನನ್ನ ಹೆಂಡತಿಗೆ, "ಬ್ಯಾಟ್ರಿಯಂತ ಕಣಕ್ಕಾ, ನಮ್ಮೋರು ಯೋಳ್ತಿದ್ರು" ಎಂದು ಸುದ್ದಿ ಮುಟ್ಟಿಸಿದರು. ನಮ್ಮೋರು ಅನ್ನಿಸಿಕೊಂಡವರು ಆಗಿನ್ನೂ ಹಾಸಿಗೆಯಲ್ಲಿದ್ದರು.

ಬ್ಯಾಟರಿ ಸೊರಗಿದ್ದರೆ ಲಕ್ಷಣವೇ ಬೇರೆ. ದೀಪ ಮಂಕಾಗುತ್ತದೆ, ಹಾರನ್ ಗಂಟಲು ಕಟ್ಟಿದ ಹಾಗಾಗುತ್ತದೆ, ಕೀ ತಿರುಗಿಸಿದರೆ ಟಕಟಕಟಕ ಎಂದು ಹಲ್ಲು ಕಡಿಯುತ್ತದೆ. ನಮ್ಮ ಕಾರಿನ ಹಾರನ್ನಿಗೆ ಬೀದಿನಾಯಿಗಳೆಲ್ಲ ಎದ್ದು ಕೂತವು. ಕೀ ತಿರುಗಿಸಿದರೆ ಮಾತ್ರ ಒಂದೇ ಒಂದು ‘ಟಕ್’. ಅಂದರೆ ಸೊಲೆನಾಯ್ಡ್ ತನ್ನ ಪಾಲಿನ ಕೆಲಸ ಮಾಡಿದೆ, ಹಲ್ಲಿನ ಚಕ್ರವನ್ನು ಫ್ಲೈವೀಲಿನ ಕಡೆಗೆ ನೂಕಿದೆ; ತಿರುಗಬೇಕಾದ ಮೋಟರು ತಿರುಗುತ್ತಿಲ್ಲ. ಸ್ಪ್ಯಾನರಿನ ಹಿಡಿಯಿಂದ ಮೋಟರಿನ ಬೆನ್ನಿಗೆ ಮೆಲ್ಲಗೆ ತಟ್ಟಿ ಮತ್ತೆ ಕೀ ತಿರುಗಿಸಿದೆ. ಎದ್ದಿತು. ತಟ್ಟಿದರೆ ಏಳುತ್ತದೆಂದರೆ ಒಳಗೆ ಕಾರ್ಬನ್ ಸವೆದು, ತಾಗಬೇಕಾದಲ್ಲಿ ತಾಗುತ್ತಿಲ್ಲವೆಂದು ಅರ್ಥ. ಸೆಲ್ಫ್ ಮೋಟರಿಗೆ ಕಾಲ ಬಂದಿದೆ. ಈ ಸಾಕ್ಷಿಯನ್ನು ಯಾರ ಮುಂದಾದರೂ ಇಡೋಣವೆಂದು ತಲೆಯೆತ್ತಿದರೆ ನ್ಯಾಯಾಧೀಶರೆಲ್ಲ ಬೀದಿ ಬಿಟ್ಟು ಹೋಗಿದ್ದರು.

ಸೆಲ್ಫ್ ಮೋಟರನ್ನು ಮನೆಯಲ್ಲೇ ಬಿಚ್ಚುವುದು ದೊಡ್ಡ ವಿದ್ಯೆಯಲ್ಲ. ಮೊದಲು ಬ್ಯಾಟರಿಯ ನೆಗೆಟಿವ್ ತೆಗೆಯಬೇಕು. ಮೋಟರಿಗೆ ಬರುವ ದಪ್ಪ ವೈರು ಬ್ಯಾಟರಿಯಿಂದ ನೇರ ಬರುತ್ತದೆ, ನಡುವೆ ಫ್ಯೂಸ್ ಇರುವುದಿಲ್ಲ. ಸ್ಪ್ಯಾನರು ಅದಕ್ಕೂ ಬಾಡಿಗೂ ಒಟ್ಟಿಗೆ ತಾಗಿತೋ, ಮುಂದಿನದು ವೆಲ್ಡಿಂಗ್ ಕೆಲಸ. ಆಮೇಲೆ ದಪ್ಪ ವೈರು, ಸಣ್ಣ ವೈರು, ಎರಡು ಬೋಲ್ಟು. ಇಷ್ಟನ್ನು ಯಾರು ಬೇಕಾದರೂ ಹೇಳುತ್ತಾರೆ. ಯಾರೂ ಹೇಳದೆ ಬಿಡುವುದು ಎರಡನೆಯ ಬೋಲ್ಟಿನ ಸಂಗತಿ. ಮೊದಲನೆಯದು ಕಣ್ಣೆದುರಿಗೇ ಇರುತ್ತದೆ, ಸ್ಪ್ಯಾನರು ಕೊಟ್ಟರೆ ಬರುತ್ತದೆ. ಎರಡನೆಯದನ್ನು ನೋಡಬೇಕೆಂದರೆ ಕೈ ಹೊರಗೆ ತೆಗೆಯಬೇಕು, ಕೈ ಹಾಕಿದರೆ ಅದು ಕಾಣುವುದಿಲ್ಲ. ಕುರುಡಾಗಿ ತಡಕಿ, ಸ್ಪ್ಯಾನರು ಕೂರಿಸಿ, ಗಡಿಯಾರದ ಮುಳ್ಳು ಸರಿದಷ್ಟು ತಿರುಗಿಸಿ, ತೆಗೆದು, ಮತ್ತೆ ಕೂರಿಸಬೇಕು. ಅದನ್ನು ಅಲ್ಲಿಟ್ಟ ಮಹಾಶಯ ಒಂದು ದಿನವಾದರೂ ಸ್ವಂತ ಕೈಯಲ್ಲಿ ಬಿಚ್ಚಿದ್ದನೇ?

ಇಂಥ ಹೊತ್ತಿನಲ್ಲಿ ನನಗೆ ಸರ್ ಎಂ. ವಿಶ್ವೇಶ್ವರಯ್ಯ ನೆನಪಾಗುತ್ತಾರೆ. ನಗಬೇಡಿ. ಎಪ್ಪತ್ತು ದಾಟಿದ ಆ ಮನುಷ್ಯ 1935ರಲ್ಲಿ ಯುರೋಪು, ಅಮೆರಿಕ ಸುತ್ತಿ ಕಾರು ಕಾರ್ಖಾನೆಗಳನ್ನು ಕಣ್ಣಾರೆ ನೋಡಿಕೊಂಡು ಬಂದರು. ಇಲ್ಲಿಯೇ ಕಾರು ಮಾಡಬೇಕೆಂದು ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ದುಡ್ಡು ಹೂಡಲು ಮುಂದೆ ಬಂದರು, ಮೈಸೂರು ಸಂಸ್ಥಾನವೂ ಮನಸ್ಸು ಮಾಡಿತ್ತು. ಬ್ರಿಟಿಷ್ ಸರ್ಕಾರ ಅಡ್ಡಗಾಲು ಹಾಕಿತು. 1940ರಲ್ಲಿ ಅದೇ ವಾಲ್‌ಚಂದರು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಆಗಿ ಬೊಂಬಾಯಿಯ ಪಾಲಾಯಿತು. ನೆಲದ ಮೇಲೆ ಓಡುವುದನ್ನು ಮಾಡಬೇಡಿ ಎಂದವರ ಕಣ್ಣೆದುರೇ ಆಕಾಶದಲ್ಲಿ ಹಾರುವುದನ್ನು ಮಾಡಿದ ನಾಡು ನಮ್ಮದೆಂದು ಹೆಮ್ಮೆಪಡಬಹುದು. ಪಡುತ್ತೇನೆ. ಆದರೆ ಕಾರಿನಡಿಯಲ್ಲಿ ಅಂಗಾತ ಮಲಗಿರುವವನಿಗೆ ವಿಮಾನದಿಂದ ಏನು ಪ್ರಯೋಜನ? ಮೇಷ್ಟ್ರ ಕಣ್ಣಿಟ್ಟು ಕಡತ ಓದುತ್ತಿದ್ದ, ಕೋಟಿನ ಗುಂಡಿಯಿಂದ ಪೇಟದ ಅಂಚಿನವರೆಗೆ ಎಲ್ಲವೂ ಇರಬೇಕಾದಲ್ಲೇ ಇರುತ್ತಿದ್ದ ಆ ಮನುಷ್ಯನ ಮೇಲ್ವಿಚಾರಣೆಯಲ್ಲಿ ಮೈಸೂರು ಸೀಮೆಯ ಕಾರು ತಯಾರಾಗಿದ್ದರೆ, ಎರಡನೆಯ ಬೋಲ್ಟು ಹೀಗೆ ಅಡಗಿ ಕೂರುವ ಧೈರ್ಯ ಮಾಡುತ್ತಿತ್ತೇ? ನಕ್ಷೆಯ ಆ ಮೂಲೆಗೆ ಅವರು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೆಯುತ್ತಿದ್ದರು, ಮುಗಿಯಿತು. ಸಾಮ್ರಾಜ್ಯಶಾಹಿಯ ಅನ್ಯಾಯಗಳ ಪಟ್ಟಿಯಲ್ಲಿ ನನ್ನ ಬೆರಳ ಗಿಣ್ಣಿನ ಗಾಯವನ್ನೂ ಸೇರಿಸಬೇಕೆಂದು ನನ್ನ ವಾದ. ಹೆಂಡತಿ ಅರಿಶಿನ ಹಚ್ಚುತ್ತಾ, "ಬ್ರಿಟಿಷ್ರು ಹೋಗಿ ಎಷ್ಟೋ ವರ್ಷ ಆಯ್ತು, ಮೆಕ್ಯಾನಿಕ್ಕನ್ನ ಕರೀರಿ" ಎಂದಳು.

ಕರೆಯಲಿಲ್ಲ. ಮೋಟರು ಕೈಗೆ ಬಂತು. ಅಂಗೈಗಿಂತ ಸ್ವಲ್ಪ ಉದ್ದ, ಆದರೆ ಒಂದೇ ಕೈಯಲ್ಲಿ ಹಿಡಿದರೆ ಮಣಿಕಟ್ಟು ಜಗ್ಗುವಷ್ಟು ಭಾರ. ಇದನ್ನು ಕಾರಿಗೆ ತಂದ ಚಾರ್ಲ್ಸ್ ಕೆಟರಿಂಗ್, ಅದಕ್ಕೂ ಮೊದಲು ಅಂಗಡಿಗಳ ಕ್ಯಾಶ್ ರಿಜಿಸ್ಟರಿಗೆ ವಿದ್ಯುತ್ ಮೋಟರು ಅಳವಡಿಸಿದ್ದವನು. ಗಲ್ಲಾಪೆಟ್ಟಿಗೆಯ ಮೋಟರು ದಿನವಿಡೀ ತಿರುಗಬೇಕಿಲ್ಲ, ಗಿರಾಕಿ ದುಡ್ಡು ಕೊಟ್ಟಾಗ ಒಂದು ಕ್ಷಣ ಜೋರಾಗಿ ತಿರುಗಿದರೆ ಸಾಕು. ಕಾರಿಗೂ ಅಷ್ಟೇ ಸಾಕಲ್ಲ ಎಂದು ಅವನಿಗೆ ಹೊಳೆಯಿತು. 1912ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಹ್ಯಾಂಡಲ್ ತಿರುಗಿಸಿ, ಅದು ಹಿಂದೆ ಒದ್ದು ಮೊಳಕೈ ಮುರಿದುಕೊಳ್ಳುವ ಕಾಲ ಮುಗಿಯಿತು. ಎರಡು ಮೂರು ಸೆಕೆಂಡಿನ ದುಡಿಮೆ, ಅದಕ್ಕೆ ನೂರು ಆಂಪಿಯರಿಗೂ ಮೀರಿದ ಕರೆಂಟು. ಆಮೇಲೆ ಪ್ರಯಾಣವಿಡೀ ಬಿಟ್ಟಿ ಸವಾರಿ. ನಮ್ಮ ಕಡೆ ಮದುವೆಮನೆಗಳಲ್ಲಿ ಇಂಥ ಬಂಧುಗಳು ಇರುತ್ತಾರೆ.

ಮೋಟರನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತಿದೆ. ನಮ್ಮ ಚಾಮರಾಜನಗರದಲ್ಲಿ ರಿಪೇರಿಯವರು ಸಿಗುವುದಿಲ್ಲವೆಂದಲ್ಲ. ಗುಂಡ್ಲುಪೇಟೆಯಲ್ಲಿ ದಾರಿ ಕವಲೊಡೆದು ಒಂದು ಬಂಡೀಪುರದ ಮೇಲೆ ಊಟಿಗೆ, ಇನ್ನೊಂದು ವಯನಾಡಿಗೆ ಹೋಗುತ್ತದೆ. ಮೂರು ರಾಜ್ಯದ ಗಾಡಿಗಳು ಓಡಾಡುವಲ್ಲಿ ಮೂರು ರಾಜ್ಯದ ಗಾಡಿಗಳೂ ಕೆಡುತ್ತವೆ. ತೆರಕಣಾಂಬಿ ದಾಟುವಾಗ ಚೆಂಡುಹೂವಿನ ಹೊಲಗಳು ಕಂಡವು. ಗುಂಡ್ಲುಪೇಟೆಯ ಆಟೋ ಎಲೆಕ್ಟ್ರಿಷಿಯನ್ ಚೀಲದಿಂದ ಮೋಟರು ತೆಗೆದು, ಬಿಚ್ಚಿ, ಮೂಸಿ ನೋಡಿದ. "ಕಾರ್ಬನ್ ಒಂದೇ ಆಗಿದ್ರ ಹಾಕ್ಕೊಡ್ತಿದ್ದಿ ಸಾ. ಆರ್ಮೇಚರೇ ಸುಟ್ಟೋಗದ. ಬ್ಯಾರ ಮೋಟ್ರೇ ಹಾಕ್ಬುಡಿ." ಮೂಸಿ ತೀರ್ಪು ಕೊಟ್ಟವನ ಮೇಲೆ ನನಗೆ ಗೌರವ ಮೂಡಿತು.

ಬೇರೆ ಮೋಟರಿಗಾಗಿ ಹಳೆ ಸಾಮಾನಿನ ಅಂಗಡಿಗಳನ್ನು ಅಲೆದೆ. ಗೋಡೆಗೆ ಒರಗಿಸಿದ ಕಬ್ಬಿಣದ ರಾಶಿಯ ನಡುವೆ ಕೂತವರು ನಾನು ಬಾಯಿ ತೆರೆಯುವ ಮೊದಲೇ "ಇಲ್ಲ" ಎನ್ನುತ್ತಿದ್ದರು. ನಮ್ಮ ಕಡೆಯ ಜನಪದ ಮಂಟೇಸ್ವಾಮಿ ಕಾವ್ಯದ ಸಿದ್ದಪ್ಪಾಜಿಯೂ ಕಬ್ಬಿಣಕ್ಕಾಗಿಯೇ ಪಾಡುಪಟ್ಟವನು. ಅವನು ಹುಟ್ಟಿದ್ದು ಆಚಾರಿಗಳ ಮನೆಯಲ್ಲಿ, ಕೆಂಪಾಚಾರಿಯಾಗಿ. ಗುರು ಮಂಟೇಸ್ವಾಮಿ ಅವನನ್ನೇ ಆರಿಸಿ ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಅನ್ನ ಬೇಡುವುದು ಸುಲಭ. ಕಬ್ಬಿಣ ಬೇಡುವುದು, ಅದೂ ಸ್ವಂತ ಕುಲದವರ ಕುಲುಮೆಯ ಮುಂದೆ ನಿಂತು! ಪವಾಡ ಗೆದ್ದೇ ಅವನು ಅಲ್ಲಿಂದ ಬರಬೇಕಾಯಿತು. ಜನವರಿಯ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಇದನ್ನು ಹಾಡುವಾಗ ನನಗೆ ಅವನ ಮಹಿಮೆಗಿಂತ ಹೆಚ್ಚು ಅರ್ಥವಾಗುವುದು ಆ ಹಲಗೂರಿನವರ ಮುಖಭಾವ. ರಾಶಿ ಕಬ್ಬಿಣದ ಮೇಲೆ ಕೂತು ಇಲ್ಲವೆನ್ನುವುದಕ್ಕೆ ಒಂದು ಗಾಂಭೀರ್ಯ ಬೇಕು. ನನಗೆ ಪವಾಡ ಬರುವುದಿಲ್ಲವಾದ್ದರಿಂದ ರೇಟಿನ ಮಾತೆತ್ತಿದೆ. ಮೋಟರು ಇತ್ತು.

ಮರುದಿನ ಅದನ್ನು ಕೂರಿಸಿದೆ. ಬಿಚ್ಚಿದ್ದರ ಹಿಂದುಮುಂದು, ಹೇಳುವಂಥದ್ದೇನಿಲ್ಲ. ಕೀ ತಿರುಗಿಸಿದ ಕೂಡಲೇ ಕಾರು ಎದ್ದಿತು.

ಹೀಗೆ ಏಳುವುದರಲ್ಲಿ ಒಂದು ನಷ್ಟವೂ ಇದೆ, ತಳ್ಳುವ ಪ್ರಸಂಗ ತಪ್ಪಿಹೋಗುತ್ತದೆ. ಸೆಕೆಂಡ್ ಗೇರಿಗೆ ಹಾಕಿ, ಕ್ಲಚ್ ಒತ್ತಿ ಕೂತರೆ ಹಿಂದಿನಿಂದ ನಾಲ್ಕು ಜನ ತಳ್ಳುತ್ತಿದ್ದರು, ಓಟ ಬಂದೊಡನೆ ಕ್ಲಚ್ ಬಿಟ್ಟರೆ ಆಯಿತು. ಈಗಿನ ಆಟೋಮ್ಯಾಟಿಕ್ ಕಾರುಗಳನ್ನು ಊರೆಲ್ಲ ಸೇರಿ ತಳ್ಳಿದರೂ ಅವು ಏಳುವುದಿಲ್ಲ. ಬಂಡೀಪುರದೊಳಗಂತೂ ಯಾವ ಕಾರನ್ನೂ ತಳ್ಳುವ ಹಾಗಿಲ್ಲ. ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ರಸ್ತೆಯೇ ಬಂದ್, ಹಗಲಲ್ಲಿ ಗಾಡಿ ನಿಲ್ಲಿಸಕೂಡದು, ಇಳಿಯಕೂಡದು. ಇಳಿದರೆ ತಳ್ಳಿಕೊಡಲು ಬರುವವರು ಯಾರೆಂದು ಹೇಳಲಾಗದು.

ತಳ್ಳಿಯೇ, ಎಳೆದೇ ನಡೆಸಬೇಕಾದ ವಾಹನ ನಮ್ಮೂರಲ್ಲಿ ಇನ್ನೂ ಒಂದಿದೆ, ಚಾಮರಾಜೇಶ್ವರನ ತೇರು. ಮುಮ್ಮಡಿ ಕೃಷ್ಣರಾಜ ಒಡೆಯರು 1826ರಲ್ಲಿ ಕಟ್ಟಿಸಿದ ಗುಡಿಯದು. 2017ರಲ್ಲಿ ತೇರಿಗೆ ಬೆಂಕಿ ಬಿದ್ದು, ಹೊಸದು ಸಿದ್ಧವಾಗಿ 2022ರಲ್ಲಿ ಮತ್ತೆ ಎಳೆಯುವವರೆಗೆ ಊರು ಕಾಯಬೇಕಾಯಿತು. ವರ್ಷವಿಡೀ ನಿಂತ ಚಕ್ರವನ್ನು ಮೊದಲ ಗೇಣು ಕದಲಿಸುವುದೇ ಕಷ್ಟ. ಹಗ್ಗ ಹಿಡಿದವರು ಎಷ್ಟಿದ್ದರೂ ಹಿಂದಿನಿಂದ ಸನ್ನೆ ಹಾಕುವವರು ಬೇಕು. ಆದರೆ ಈ ತೇರಿನ ತಮಾಷೆ ಚಕ್ರದಲ್ಲಿಲ್ಲ, ತಿಂಗಳಿನಲ್ಲಿದೆ. ಆಷಾಢದಲ್ಲಿ ಹೊಸ ಗಂಡಹೆಂಡಿರು ಒಂದೆಡೆ ಇರಬಾರದೆಂದು ಹೆಣ್ಣನ್ನು ತವರಿಗೆ ಕಳಿಸುತ್ತಾರೆ. ಈ ತೇರು ನಡೆಯುವುದು ಆಷಾಢದಲ್ಲೇ, ಇದಕ್ಕೆ ತಪ್ಪದೆ ಬರಬೇಕಾದವರು ಹೊಸ ಗಂಡಹೆಂಡಿರೇ! ತವರಿಂದ ಆಕೆ, ಊರಿಂದ ಈತ, ನಡುವೆ ಇಬ್ಬರ ಕಡೆಯ ಹಿರಿಯರು. ತೇರಿಗೆ ಹಣ್ಣು ಜವನ ಎಸೆಯುವಾಗ ಹಿರಿಯರು ಕಳಶ ನೋಡಿ ಕಣ್ಣು ಮುಚ್ಚಿ ಕೈಮುಗಿಯಲೇಬೇಕು. ಮಾತಾಡಿಕೊಳ್ಳಲು ಅಷ್ಟು ಹೊತ್ತು ಸಿಗುತ್ತದೆ. ಈ ತಿಂಗಳನ್ನು ಗೊತ್ತುಮಾಡಿದ ಪುಣ್ಯಾತ್ಮನಿಗೆ ಆಗಷ್ಟೇ ಮದುವೆಯಾಗಿತ್ತೆಂದು ನನ್ನ ಗುಮಾನಿ. ನಾವು ಹೊಸ ಗಂಡಹೆಂಡಿರಾಗಿ ತೇರಿಗೆ ಬಂದ ವರ್ಷ ನಾನೆಸೆದ ಬಾಳೆಹಣ್ಣು ತೇರಿನವರೆಗೆ ಹೋಗದೆ, ಕೈಮುಗಿದು ನಿಂತಿದ್ದ ನಮ್ಮ ಮಾವನವರ ಪೇಟದ ಮೇಲೆ ಬಿತ್ತು. ಗುರಿಯಿಟ್ಟೇ ಎಸೆದದ್ದೆಂದು ಹೆಂಡತಿ ಇವತ್ತಿಗೂ ಸಾಧಿಸುತ್ತಾಳೆ. ಅಷ್ಟು ಗುರಿ ನನಗಿದ್ದರೆ ಬಾಳೆಹಣ್ಣು ಎಸೆಯುತ್ತಾ ಕೂರುತ್ತಿದ್ದೆನೇ, ರಣಜಿ ಆಡುತ್ತಿರಲಿಲ್ಲವೇ ಎಂದು ನಾನು.