ಕಬ್ಬಿಣದ ಊರಿನ ಕಿತ್ತಳೆ ನೀರು

ಸ್ಕಾಟ್ಲೆಂಡ್ ಎಂದೊಡನೆ ಹೊರನಾಡಿನವರ ಕಣ್ಣಮುಂದೆ ನಿಲ್ಲುವುದು ಮಂಜು ಮುಸುಕಿದ ಗುಡ್ಡಗಳು, ನೆರಿಗೆಯ ಕಿಲ್ಟ್ ಉಟ್ಟು ಬ್ಯಾಗ್‌ಪೈಪ್ ಊದುವ ಗಂಡಸರು, ಓಕ್ ಮರದ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಹಣ್ಣಾಗುವ ವಿಸ್ಕಿ. ಈ ಮೂರೂ ಅಲ್ಲಿ ಉಂಟು, ನಿಜ. ಆದರೆ ಆ ನಾಡಿನ ಅತಿ ದೊಡ್ಡ ನಗರವಾದ ಗ್ಲಾಸ್ಗೋದಲ್ಲಿ ರೈಲಿನಿಂದಿಳಿದು ಬೀದಿಗೆ ಬಂದ ಪ್ರವಾಸಿಗನ ಕಣ್ಣನ್ನು ಮೊದಲು ಸೆಳೆಯುವುದು ವಿಸ್ಕಿಯ ಹೊಂಬಣ್ಣವಲ್ಲ. ತುಕ್ಕು ಹಿಡಿದ ಕಬ್ಬಿಣದ ಮೇಲೆ ಎಳೆಬಿಸಿಲು ಬಿದ್ದಂತೆ ತೋರುವ ಒಂದು ಉಜ್ವಲ ಕಿತ್ತಳೆ ಬಣ್ಣ. ಮೂಲೆಯಂಗಡಿಯ ಕಪಾಟಿನಲ್ಲಿ, ಮೀನು ಮತ್ತು ಆಲೂಗಡ್ಡೆಯನ್ನು ಕರಿದು ಮಾರುವ ಅಂಗಡಿಯ ಕಟ್ಟೆಯ ಮೇಲೆ, ಶಾಲೆ ಬಿಟ್ಟು ಹೊರಟ ಹುಡುಗರ ಕೈಯಲ್ಲಿ, ಎಲ್ಲೆಲ್ಲಿಯೂ ಅದೇ ಬಣ್ಣ. ಅದರ ಹೆಸರು ಅಯರ್ನ್-ಬ್ರೂ. ಮೊದಲ ಸ್ಥಾನವನ್ನು ವಿಸ್ಕಿಗೆ ಬಿಟ್ಟುಕೊಟ್ಟು, ಇದನ್ನು ಸ್ಕಾಟ್ಲೆಂಡಿನ ‘ಇನ್ನೊಂದು ರಾಷ್ಟ್ರಪಾನೀಯ’ವೆಂದು ಅಲ್ಲಿಯ ಜನ ಕರೆಯುತ್ತಾರೆ.

ಬಣ್ಣವನ್ನು ಕಂಡು ಕಿತ್ತಳೆ ಹಣ್ಣಿನ ರುಚಿಯನ್ನು ನಿರೀಕ್ಷಿಸಿದವನು ಮೋಸಹೋಗುತ್ತಾನೆ. ಇದರ ರುಚಿ ಯಾವ ಹಣ್ಣಿನದೂ ಅಲ್ಲ. ಅಗಿಯುವ ಗಮ್ ಮಿಠಾಯಿಯ ನೆನಪಾಗುತ್ತದೆ ಎನ್ನುವವರು ಕೆಲವರು. ವೆನಿಲಾ ಬೆರೆಸಿದ ನಿಂಬೆಯೆನ್ನುವವರು ಮತ್ತೆ ಕೆಲವರು. ಮೊದಲು ನಾಲಗೆಗೆ ಗಾಢವಾದ ಸಿಹಿ, ಅದರ ಬೆನ್ನಿಗೇ ಗುಳ್ಳೆಗಳ ಚುರುಕು, ಕೊನೆಯಲ್ಲಿ ಕ್ವಿನೈನಿನ ತೆಳುವಾದ ಕಹಿ. ಇದರಲ್ಲಿ ಮೂವತ್ತೆರಡು ಬಗೆಯ ಸಾರಗಳು ಸೇರಿವೆಯೆಂದು ತಯಾರಕರು ಹೇಳುತ್ತಾರೆ. ಅವು ಯಾವುವೆಂಬುದನ್ನು ಮಾತ್ರ ಹೇಳುವುದಿಲ್ಲ. ಆ ಗುಟ್ಟು ಬಹುಕಾಲದಿಂದ ಎರಡು ಮೂರು ಜನರೊಳಗೇ ಉಳಿದು ಬಂದಿದೆ. ರಾಬಿನ್ ಬಾರ್ ಎಂಬುವರು ಕಂಪನಿಯ ಅಧ್ಯಕ್ಷರಾಗಿದ್ದಾಗ ಸಾರಗಳನ್ನು ತಾವೇ ಕೈಯಾರೆ ಬೆರೆಸುತ್ತಿದ್ದರು. 2009ರಲ್ಲಿ ಆ ಪದವಿಯಿಂದ ಇಳಿಯುವಾಗ ಗುಟ್ಟು ಮಗಳು ಜೂಲಿಯವರ ಪಾಲಿಗೆ ಬಂದಿತ್ತು. ಸಂಗೀತ ವಿದ್ಯೆಯಂತೆ, ನಾಟಿ ವೈದ್ಯದಂತೆ, ಮನೆತನದೊಳಗೇ ಇಳಿದುಬಂದ ವಿದ್ಯೆ ಇದು.

ಕುಲುಮೆಯ ಬೆಂಕಿ, ಸೋಡಾ ನೀರು

ಬಾರ್ ಮನೆತನದವರ ಮೂಲ ಊರು ಗ್ಲಾಸ್ಗೋಗೆ ಈಶಾನ್ಯದಲ್ಲಿರುವ ಫಾಲ್‌ಕರ್ಕ್. ಮೊದಲು ಅವರದು ಸೀಸೆಗಳಿಗೆ ಬೆಂಡಿನ ಬಿರಡೆ ಕತ್ತರಿಸಿ ಕೊಡುವ ಕಸಬು. 1875ರಲ್ಲಿ ರಾಬರ್ಟ್ ಬಾರ್ ಬಿರಡೆಯಿಂದ ಸೀಸೆಯೊಳಗಿನ ನೀರಿಗೇ ಇಳಿದು, ಅನಿಲ ತುಂಬಿದ ಪಾನೀಯಗಳನ್ನು ತಯಾರಿಸತೊಡಗಿದ. ಫಾಲ್‌ಕರ್ಕ್ ಸಾಮಾನ್ಯ ಊರಲ್ಲ. 1759ರಲ್ಲಿ ಅದರ ಮಗ್ಗುಲಲ್ಲಿಯೇ ಸ್ಥಾಪಿತವಾದ ಕ್ಯಾರನ್ ಕಬ್ಬಿಣದ ಕಾರ್ಖಾನೆ ಬ್ರಿಟನ್ನಿನ ನೌಕಾಪಡೆಗೆ ಫಿರಂಗಿಗಳನ್ನು ಎರಕಹೊಯ್ದು ಕೊಟ್ಟು ಜಗತ್ಪ್ರಸಿದ್ಧವಾಗಿತ್ತು. 1887ರಲ್ಲಿ ಮನೆತನದ ಮುಂದಿನ ತಲೆ ಗ್ಲಾಸ್ಗೋದ ಪಾರ್ಕ್‌ಹೆಡ್ ಬಡಾವಣೆಯಲ್ಲಿ ಎರಡನೆಯ ಕಾರ್ಖಾನೆ ತೆರೆಯಿತು. ಅಲ್ಲಿಯೂ ನೆರೆಮನೆಯೆಂದರೆ ಕಬ್ಬಿಣವೇ: ಬಿಯರ್ಡ್‌ಮೋರ್ ಕಂಪನಿಯ ಪ್ರಚಂಡ ಪಾರ್ಕ್‌ಹೆಡ್ ಕುಲುಮೆ.

ಆ ಕಾಲದ ಗ್ಲಾಸ್ಗೋವನ್ನು ಇಂದು ಕಲ್ಪಿಸಿಕೊಳ್ಳುವುದೇ ಕಷ್ಟ. ಕ್ಲೈಡ್ ನದಿಯ ದಂಡೆಯುದ್ದಕ್ಕೂ ಹಡಗುಗಳ ಉಕ್ಕಿನ ಅಸ್ಥಿಪಂಜರಗಳು ಎದ್ದು ನಿಲ್ಲುತ್ತಿದ್ದವು. ಸ್ಪ್ರಿಂಗ್‌ಬರ್ನ್‌ನಲ್ಲಿ ತಯಾರಾದ ಉಗಿಬಂಡಿಗಳು ಸಮುದ್ರ ದಾಟಿ ಬಂದು ಭಾರತದ ಹಳಿಗಳ ಮೇಲೂ ಓಡಿದವು. ಅಂತಹ ಹಲವು ಎಂಜಿನುಗಳ ಮೈಮೇಲಿನ ಹಿತ್ತಾಳೆಯ ಫಲಕದಲ್ಲಿ ಗ್ಲಾಸ್ಗೋದ ಹೆಸರನ್ನು ಓದಬಹುದಾಗಿತ್ತು. ಹಗಲೂ ರಾತ್ರಿಯೂ ಬೆಂಕಿಯ ಮುಂದೆ ನಿಂತ ಸಹಸ್ರಾರು ಕೂಲಿಕಾರರ ಮೈಯಿಂದ ಬೆವರು ಹರಿಯುತ್ತಿತ್ತು. ಬೆವರು ಹರಿದಲ್ಲಿ ಬಾಯಾರಿಕೆ. ಬಾಯಾರಿಕೆಯಿದ್ದಲ್ಲಿ ಬಿಯರಿನ ಪಡಖಾನೆ.

ಅಯರ್ನ್-ಬ್ರೂ ಹುಟ್ಟಿದ ಬಗ್ಗೆ ಜನಜನಿತವಾದ ಒಂದು ಕಥೆಯುಂಟು. 1901ರ ಸುಮಾರಿನಲ್ಲಿ ಗ್ಲಾಸ್ಗೋ ಸೆಂಟ್ರಲ್ ರೈಲು ನಿಲ್ದಾಣವನ್ನು ವಿಸ್ತರಿಸುವ ಕೆಲಸ ನಡೆದಿತ್ತಂತೆ. ಕುಡಿಯಲು ಒಳ್ಳೆಯ ನೀರಿಲ್ಲದೆ ಕೂಲಿಕಾರರು ಬಿಯರನ್ನೇ ಕುಡಿದು ಕೆಲಸ ಕೆಡಿಸುತ್ತಿದ್ದರಂತೆ. ಆಗ ಉಕ್ಕಿನ ಕಾರ್ಖಾನೆಯವರು ಬಾರ್ ಕಂಪನಿಯ ಬಳಿಗೆ ಹೋಗಿ, ಮತ್ತೇರಿಸದೆ ಮೈಗೆ ಕಸುವು ಕೊಡುವ ಪಾನೀಯವೊಂದನ್ನು ಮಾಡಿಕೊಡಿರೆಂದು ಬೇಡಿದರಂತೆ. ನಿಲ್ದಾಣದ ಕೆಲಸ ನಡೆದದ್ದು ನಿಜ. 1901ರಲ್ಲಿ ಪಾನೀಯ ಮಾರುಕಟ್ಟೆಗೆ ಬಂದದ್ದೂ ನಿಜ. ಆದರೆ ಒಳ್ಳೆಯ ನೀರಿರಲಿಲ್ಲವೆಂಬ ಮಾತನ್ನು ಒಪ್ಪುವುದು ಕಷ್ಟ. 1859ರಲ್ಲಿಯೇ ವಿಕ್ಟೋರಿಯಾ ರಾಣಿ, ಉತ್ತರದ ಬೆಟ್ಟಗಳ ನಡುವಣ ಕ್ಯಾಟ್ರಿನ್ ಸರೋವರದಿಂದ ನಗರಕ್ಕೆ ನೀರು ತರುವ ಕಾಲುವೆಯನ್ನು ಉದ್ಘಾಟಿಸಿದ್ದಳು. ಆ ನೀರಿನ ನೈರ್ಮಲ್ಯ ಬಹು ಪ್ರಸಿದ್ಧವಾದುದು. ನೀರಿಗಿಂತ ಹೆಚ್ಚಾಗಿ ಈ ಪಾನೀಯಕ್ಕೆ ಒತ್ತಾಸೆಯಾಗಿ ನಿಂತದ್ದು ಅಂದು ಸ್ಕಾಟ್ಲೆಂಡಿನ ತುಂಬ ಹಬ್ಬಿದ್ದ ಮದ್ಯವಿರೋಧಿ ಚಳವಳಿ ಎನ್ನಬೇಕು. ಹೆಂಡದ ಬದಲು ಕೈಯಲ್ಲಿ ಹಿಡಿಯಲು ಏನಾದರೊಂದು ಬೇಕಿತ್ತು. ಕಬ್ಬಿಣದ ಕೆಲಸಗಾರನಿಗೆ ಕಬ್ಬಿಣದ ಹೆಸರಿನ ನೀರಿಗಿಂತ ಒಪ್ಪುವುದು ಇನ್ನಾವುದು?

ಹೆಸರಿನಲ್ಲಿರುವ ಕಬ್ಬಿಣ

ಮೊದಲು ಆ ಪಾನೀಯದ ಹೆಸರಿಗೆ ಇಂಗ್ಲಿಷಿನಲ್ಲಿ ‘ಕಬ್ಬಿಣವನ್ನು ಕುದಿಸಿ ಹುಳಿಹಿಡಿಸಿ ಇಳಿಸಿದ್ದು’ ಎಂಬ ಅರ್ಥ ಬರುತ್ತಿತ್ತು. ಅದೇ ಹೆಸರಿನ ಪಾನೀಯವನ್ನು ಬೇರೆ ಅನೇಕ ತಯಾರಕರೂ ಮಾರುತ್ತಿದ್ದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಬ್ರಿಟನ್ನಿನ ಸೋಡಾ ಕಾರ್ಖಾನೆಗಳನ್ನೆಲ್ಲ ಒಂದೇ ವ್ಯವಸ್ಥೆಯಡಿ ತಂದು, ಕಂಪನಿಗಳ ಸ್ವಂತ ಹೆಸರುಗಳನ್ನು ಅಂಗಡಿಗಳಿಂದ ಅಳಿಸಿಹಾಕಿತು. ಯುದ್ಧ ಮುಗಿದ ಮೇಲೆ ಹೊಸದೊಂದು ಚಿಂತೆ ತಲೆದೋರಿತು: ಪದಾರ್ಥದಲ್ಲಿ ಇಲ್ಲದ್ದನ್ನು ಹೆಸರಿನಲ್ಲಿ ಹೇಳಕೂಡದೆಂಬ ಕಾನೂನು ಬರುವ ಸೂಚನೆಗಳಿದ್ದವು. ಪಾನೀಯದಲ್ಲಿ ಕಬ್ಬಿಣದ ಅಂಶವೇನೋ ಇತ್ತು. ಆದರೆ ಅದನ್ನು ಯಾರೂ ಕುದಿಸಿ ಹುಳಿಹಿಡಿಸಿರಲಿಲ್ಲ.

ಕಂಪನಿಯವರು ಕಂಡುಕೊಂಡ ಉಪಾಯ ಬಹು ಸರಳ. 1946ರಲ್ಲಿ ಇಂಗ್ಲಿಷ್ ಹೆಸರಿನ ಅಕ್ಷರಗಳಲ್ಲಿ ಒಂದನ್ನು ಕಿತ್ತುಹಾಕಿದರು, ಕೆಲವನ್ನು ಬದಲಿಸಿದರು, ಹೊಸ ರೂಪವನ್ನು ತಮ್ಮದೆಂದು ನೋಂದಾಯಿಸಲು ಅರ್ಜಿ ಹಾಕಿದರು. ಉಚ್ಚಾರಣೆ ಹಾಗೆಯೇ ಉಳಿಯಿತು. ಅರ್ಥ ಮಾತ್ರ ಮಾಯವಾಯಿತು. ಕನ್ನಡ ಲಿಪಿಯಲ್ಲಿ ಬರೆದರೆ ಹಳೆಯದಕ್ಕೂ ಹೊಸದಕ್ಕೂ ಭೇದವೇ ಕಾಣುವುದಿಲ್ಲ! ಅಂದು ನೆರೆಹೊರೆಯ ಎಲ್ಲರೂ ಬಳಸುತ್ತಿದ್ದ ಹೆಸರು, ಈ ಅಕ್ಷರಲೋಪದಿಂದ, ಒಬ್ಬರ ಸ್ವತ್ತಾಯಿತು.

ಹಾಗಾದರೆ ಅದರಲ್ಲಿರುವ ಕಬ್ಬಿಣವೆಷ್ಟು? ಅಮೋನಿಯಂ ಫೆರಿಕ್ ಸಿಟ್ರೇಟ್ ಎಂಬ ಲವಣ, ನೂರಕ್ಕೆ 0.002 ಪಾಲು. ಎಂದರೆ ಒಂದು ಲೀಟರಿನಲ್ಲಿ 20 ಮಿಲಿಗ್ರಾಂ. ಅದರಲ್ಲಿಯೂ ಶುದ್ಧ ಕಬ್ಬಿಣ ಸುಮಾರು ಐದರಲ್ಲೊಂದು ಪಾಲು ಮಾತ್ರ. ಆ ತುಕ್ಕಿನ ಬಣ್ಣಕ್ಕೂ ಈ ಕಬ್ಬಿಣಕ್ಕೂ ಸಂಬಂಧವಿಲ್ಲ. ಅದು ಹಳದಿ ಮತ್ತು ಕೆಂಪು ಎಂಬ ಎರಡು ಕೃತಕ ಬಣ್ಣಗಳ ಕೂಟ. 1980ರ ದಶಕದ ಜಾಹೀರಾತುಗಳು ಮಾತ್ರ ಇದನ್ನು ಸ್ಕಾಟ್ಲೆಂಡಿನಲ್ಲಿ ಉಕ್ಕಿನ ತೊಲೆಗಳಿಂದಲೇ ತಯಾರಿಸಿದ್ದೆಂದು ಸಾರಿದವು. ನೋಡಿದವರು ನಕ್ಕರು, ಆದರೂ ಎದೆಯುಬ್ಬಿಸಿಕೊಂಡೇ ನಕ್ಕರು.

ಮೈಸೂರಿನ ಮಾವುತನ ಮಗ

ಈ ಕಥೆಯ ಒಂದು ಎಳೆ ಅನಿರೀಕ್ಷಿತವಾಗಿ ಕನ್ನಡನಾಡಿಗೆ ಬಂದು ಸೇರುತ್ತದೆ. 1930ರ ದಶಕದ ಕೊನೆಯಿಂದ 1970ರ ದಶಕದ ಆರಂಭದವರೆಗೆ ಸ್ಕಾಟ್ಲೆಂಡಿನ ಪತ್ರಿಕೆಗಳಲ್ಲಿ ಈ ಪಾನೀಯದ ಜಾಹೀರಾತು ಚಿತ್ರಕಥೆಯ ರೂಪದಲ್ಲಿ ಬರುತ್ತಿತ್ತು. ಅದರಲ್ಲಿ ಇಬ್ಬರು ಹುಡುಗರು: ಕಿಲ್ಟ್ ಉಟ್ಟ ಸ್ಯಾಂಡಿ ಒಬ್ಬ, ತಲೆಗೆ ಮುಂಡಾಸು ಸುತ್ತಿದ, ಕಪ್ಪು ಮೈಬಣ್ಣದ ಭಾರತೀಯ ಹುಡುಗ ಬಾ-ಬ್ರೂ ಇನ್ನೊಬ್ಬ. ಗ್ಲಾಸ್ಗೋ ಸೆಂಟ್ರಲ್ ನಿಲ್ದಾಣದ ಬಳಿ ಬಾ-ಬ್ರೂವಿನ ಚಿತ್ರ ನಿಯಾನ್ ದೀಪಗಳಲ್ಲಿ ಅನೇಕ ವರ್ಷ ರಾತ್ರಿಯೆಲ್ಲ ಬೆಳಗುತ್ತಿತ್ತು. ಮಳೆಯಲ್ಲಿ ನೆನೆಯುತ್ತ ಮನೆಗೆ ಹೊರಟ ಒಂದು ತಲೆಮಾರಿನ ಜನಕ್ಕೆ ಆ ಮುಂಡಾಸಿನ ಹುಡುಗನೇ ಊರಿನ ಗುರುತು.

ಬಾ-ಬ್ರೂವಿಗೆ ಸ್ಫೂರ್ತಿಯಾದವನು ಸಾಬು. ಮೈಸೂರು ಸಂಸ್ಥಾನದ ಕಾರಾಪುರದಲ್ಲಿ 1924ರಲ್ಲಿ ಹುಟ್ಟಿದ ಸಾಬು, ಮಹಾರಾಜರ ಆನೆಗಳ ಲಾಯದಲ್ಲಿದ್ದ ಮಾವುತನ ಮಗ. ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು ಆನೆಗಳ ನಡುವೆ ಬೆಳೆದವನು. ಕಿಪ್ಲಿಂಗನ ಕಥೆಯೊಂದನ್ನು ಆಧರಿಸಿ ‘ಎಲಿಫೆಂಟ್ ಬಾಯ್’ ಚಿತ್ರವನ್ನು ತೆಗೆಯಲು ರಾಬರ್ಟ್ ಫ್ಲಾಹರ್ಟಿಯ ತಂಡ ಮೈಸೂರಿಗೆ ಬಂದಾಗ ಈ ಹುಡುಗ ಅವರ ಕಣ್ಣಿಗೆ ಬಿದ್ದ. 1937ರಲ್ಲಿ ಚಿತ್ರ ತೆರೆಕಂಡಿತು. ಕಬಿನಿ ಸೀಮೆಯ ಅನಾಥ ಬಾಲಕ ಲಂಡನ್ನಿನಲ್ಲಿ, ಅನಂತರ ಹಾಲಿವುಡ್ಡಿನಲ್ಲಿ ಜಗದ್ವಿಖ್ಯಾತ ನಟನಾದ. 1963ರಲ್ಲಿ, ಇನ್ನೂ ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಅಮೆರಿಕದಲ್ಲಿ ತೀರಿಕೊಂಡ. ಅವನು ಕಣ್ಮುಚ್ಚಿದಾಗಲೂ ಅವನ ಛಾಯೆಯ ಹುಡುಗ ಗ್ಲಾಸ್ಗೋದ ಮಳೆಯಲ್ಲಿ ಉರಿಯುತ್ತಲೇ ಇದ್ದ. ಒಡೆಯನ ನಾಡಿನ ಸರಕನ್ನು ಮಾರಲು ಆಳಾಗಿದ್ದ ನಾಡಿನ ಹುಡುಗನನ್ನು ವಿನೋದದ ಗೊಂಬೆಯಾಗಿಸಿದ ಆ ಚಿತ್ರ ಇಂದಿನ ಕಣ್ಣಿಗೆ ಇರುಸುಮುರುಸು ತರುವುದು ಸಹಜ. ಆದರೆ ಸಾಬುವಿನ ಮುಖದ ಕಾಂತಿ ಎಷ್ಟು ದೂರ ಹೋಗಿ ಮುಟ್ಟಿತ್ತೆಂಬುದಕ್ಕೆ ಅದು ಸಾಕ್ಷಿಯೂ ಹೌದು.

ಖಾಲಿ ಸೀಸೆಯ ಬೆಲೆ

ಗ್ಲಾಸ್ಗೋದ ಹಳಬರು ಗುಳ್ಳೆ ಬರುವ ಯಾವ ಪಾನೀಯವನ್ನಾದರೂ ‘ಜಿಂಜರ್’ ಎಂದೇ ಕರೆಯುತ್ತಾರೆ. ಅದರಲ್ಲಿ ಶುಂಠಿಯ ವಾಸನೆಯೂ ಇರಬೇಕಾಗಿಲ್ಲ. ಆ ಖಾಲಿ ಸೀಸೆಗಳಿಗೆ ಅವರಿಟ್ಟ ಹೆಸರು ಇನ್ನೂ ಸೊಗಸಾದುದು: ‘ಗಾಜಿನ ಚೆಕ್ಕು’. ಸೀಸೆಯ ಮೇಲೆ ಅಂಗಡಿಯವನು ಠೇವಣಿ ಹಿಡಿಯುತ್ತಿದ್ದ. ಖಾಲಿ ಸೀಸೆ ಹಿಂದಿರುಗಿಸಿದವರಿಗೆ ಕಾಸು. ಬ್ಯಾಂಕಿನ ಮುಖ ಕಾಣದ ಮನೆಗಳ ಮಕ್ಕಳು ಇವನ್ನು ಹೆಕ್ಕಿ ತಂದು ಮಿಠಾಯಿಯನ್ನೋ ಸಿನಿಮಾ ಟಿಕೆಟನ್ನೋ ಸಂಪಾದಿಸುತ್ತಿದ್ದರು. ಬಾರ್ ಕಂಪನಿ 1905ರಿಂದ ನಡೆಸಿಬಂದಿದ್ದ ಈ ಏರ್ಪಾಡು 2015ರ ಕೊನೆಗೆ ನಿಂತುಹೋಯಿತು. ಆಗ ಒಂದು ಸೀಸೆಗೆ 30 ಪೆನ್ಸ್ ಸಿಗುತ್ತಿತ್ತು. ಆದರೂ ಅರ್ಧದಷ್ಟು ಸೀಸೆಗಳು ಹಿಂದಿರುಗುತ್ತಿರಲಿಲ್ಲವೆಂದು ಕಂಪನಿ ಹೇಳಿತು. ನೂರಹತ್ತು ವರ್ಷ ಬಾಳಿದ ಆ ನಾಣ್ಯ ಅಲ್ಲಿಗೆ ಚಲಾವಣೆ ಕಳೆದುಕೊಂಡಿತು.

ಇದಕ್ಕಿಂತ ದೊಡ್ಡ ಗಲಾಟೆ ಎದ್ದದ್ದು 2018ರಲ್ಲಿ. ಸಿಹಿ ಪಾನೀಯಗಳ ಮೇಲೆ ಬ್ರಿಟನ್ನಿನಲ್ಲಿ ಆ ವರ್ಷದ ಏಪ್ರಿಲಿನಿಂದ ಹೊಸ ತೆರಿಗೆ ಜಾರಿಗೆ ಬರುವುದಿತ್ತು; ನೂರು ಮಿಲಿಲೀಟರಿಗೆ 5 ಗ್ರಾಂ ಅಥವಾ ಅದಕ್ಕೂ ಹೆಚ್ಚು ಸಕ್ಕರೆಯಿದ್ದ ಪಾನೀಯಕ್ಕೆ ಅದು ತಪ್ಪದು. ಅಯರ್ನ್-ಬ್ರೂನಲ್ಲಿ ಇದ್ದದ್ದು 10.3 ಗ್ರಾಂ. ಜನವರಿಯಲ್ಲಿಯೇ ಕಂಪನಿ ಅದನ್ನು 4.7ಕ್ಕೆ ಇಳಿಸಿ, ಉಳಿದ ಸಿಹಿಯನ್ನು ಕೃತಕ ಪದಾರ್ಥಗಳಿಂದ ತುಂಬಿತು. ಮಕ್ಕಳ ಹಲ್ಲಿಗೂ ದೊಡ್ಡವರ ಮೈಗೂ ಅದರಿಂದ ಒಳ್ಳೆಯದೇ ಆಗುವುದೆಂಬ ವೈದ್ಯರ ಮಾತಿಗೆ ಎದುರು ಹೇಳುವಂತಿರಲಿಲ್ಲ. ಒಂದು ಡಬ್ಬಿಯಲ್ಲಿ ಮೊದಲಿದ್ದ ಸಕ್ಕರೆ ಎಂಟು ಚಮಚಕ್ಕೂ ಮಿಗಿಲು! ಆದರೆ ಜನ ಕೇಳಲಿಲ್ಲ. ಹಳೆಯ ರುಚಿಯ ಸೀಸೆಗಳನ್ನು ಪೆಟ್ಟಿಗೆಗಟ್ಟಲೆ ಕೊಂಡು ಮನೆಯಲ್ಲಿ ಅಡಗಿಸಿಟ್ಟರು. ‘ನಮ್ಮ ಪಾನೀಯಕ್ಕೆ ಕೈಹಚ್ಚಬೇಡಿ’ ಎಂದು ಸಹಿ ಸಂಗ್ರಹಿಸಿದರು. ಕಂಪನಿ ಹೊಸ ರೀತಿಯನ್ನು ಕೈಬಿಡಲಿಲ್ಲ. ಆದರೆ 2019ರ ಡಿಸೆಂಬರಿನಲ್ಲಿ, 1901ರ ಕೈಬರಹದ ಪುಸ್ತಕದಲ್ಲಿದ್ದ ಹಳೆಯ ಸೂತ್ರವನ್ನು ಅನುಸರಿಸಿ, ಸಕ್ಕರೆ ಹೆಚ್ಚಾಗಿಯೂ ಕೆಫೀನ್ ಇಲ್ಲದೆಯೂ ತಯಾರಿಸಿದ ‘ಅಯರ್ನ್-ಬ್ರೂ 1901’ನ್ನು ಸ್ವಲ್ಪ ಕಾಲದ ಮಟ್ಟಿಗೆಂದು ಹೊರತಂದಿತು. ಬೇಡಿಕೆ ನಿಲ್ಲದ್ದನ್ನು ಕಂಡು 2021ರಲ್ಲಿ ಅದನ್ನು ಕಾಯಂ ಮಾಡಿತು.

ಒಂದು ಸೋಡಾ ನೀರಿಗಾಗಿ ಇಷ್ಟು ಹಟವೇಕೆ ಎಂದು ಹೊರಗಿನವರು ಕೇಳಬಹುದು. ಉತ್ತರಕ್ಕೆ ಪಾರ್ಕ್‌ಹೆಡ್‌ವರೆಗೆ ಹೋಗಿಬಂದರೆ ಸಾಕು. ಆ ಮಹಾ ಕುಲುಮೆ ಈಗಿಲ್ಲ. ಅದರ ನೆಲದ ಮೇಲೆ ಒಂದು ವ್ಯಾಪಾರ ಸಂಕೀರ್ಣ ಎದ್ದಿದೆ. ಅದಕ್ಕೆ ‘ಫೋರ್ಜ್’, ಎಂದರೆ ಕುಲುಮೆ, ಎಂಬ ಹೆಸರು ಮಾತ್ರ ಉಳಿದಿದೆ. ಸ್ಪ್ರಿಂಗ್‌ಬರ್ನ್‌ನಲ್ಲಿ ಉಗಿಬಂಡಿಗಳು ಹುಟ್ಟುವುದಿಲ್ಲ. ಕ್ಲೈಡ್ ತೀರದಲ್ಲಿ ಹಡಗು ಕಟ್ಟುವ ಸುತ್ತಿಗೆಯ ಸದ್ದು ಒಂದೆರಡು ಕಡೆ ಬಿಟ್ಟರೆ ಅಡಗಿದೆ. ಪಾನೀಯವೂ ಗ್ಲಾಸ್ಗೋವನ್ನು ಬಿಟ್ಟು ಹೊರವಲಯದ ಕಂಬರ್ನಾಲ್ಡ್ ಪಟ್ಟಣದ ಕಾರ್ಖಾನೆಗೆ ಹೋಗಿದೆ. ತಾತ ಕುಲುಮೆಯಲ್ಲಿ ದುಡಿದದ್ದನ್ನು ಮೊಮ್ಮಗನಿಗೆ ತೋರಿಸಲು ಒಂದು ಗೋಡೆಯೂ ಉಳಿದಿಲ್ಲದ ಬೀದಿಗಳು ಆ ಊರಲ್ಲಿ ಎಷ್ಟೋ ಇವೆ.

ಹೆಸರಿನ ಅಕ್ಷರ ಬದಲಾಯಿತು, ಸೀಸೆ ಬದಲಾಯಿತು, ಸಿಹಿ ಬದಲಾಯಿತು. ಇವನ್ನೆಲ್ಲ ಜನ ಗೊಣಗುತ್ತಲೇ ನುಂಗಿಕೊಂಡರು. ನೂರಕ್ಕೆ 0.002 ಪಾಲಿನ ಆ ಕಬ್ಬಿಣದಿಂದ ಯಾರ ಮೈಗೂ ಉಕ್ಕಿನ ಬಲ ಬರುವುದಿಲ್ಲವೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಆದರೆ ಕಬ್ಬಿಣದ ಮೇಲೆ ನಿಂತಿದ್ದ ಊರಿನಲ್ಲಿ ಕಬ್ಬಿಣ ಕರಗಿಹೋದ ಮೇಲೆ, ಒಂದೆರಡು ಪೌಂಡು ಕೊಟ್ಟು ಕೈಗೆತ್ತಿಕೊಳ್ಳಬಹುದಾದ ಕಬ್ಬಿಣವೆಂದರೆ ಇದೊಂದೇ. ಸಂಜೆ ಕೆಲಸ ಮುಗಿಸಿ ಬಂದ ಗ್ಲಾಸ್ಗೋದವನು ಕರಿದ ಮೀನಿನ ಪೊಟ್ಟಣದ ಪಕ್ಕದಲ್ಲಿ ಕಿತ್ತಳೆ ಬಣ್ಣದ ಸೀಸೆಯ ಮುಚ್ಚಳ ತಿರುಗಿಸುತ್ತಾನೆ. ಸುಯ್ಯೆಂದು ಗುಳ್ಳೆಗಳೇಳುತ್ತವೆ. ದಾಹ ಯಾವ ನೀರಿನಿಂದಲಾದರೂ ತೀರೀತು. ಅವನು ಕೇಳಿ ಕೊಳ್ಳುವುದು ಇದನ್ನೇ.