ಬಿಲ್ಲು ಹಿಡಿಯುವ ತರುಣರಿಗೆ

ಶಿರಸಿ ತಾಲೂಕಿನ ದಾಸನಕೊಪ್ಪದಂಥ ಊರುಗಳಲ್ಲಿ ಭತ್ತವು ತೆನೆಗೂಡುವ ಕಾಲಕ್ಕೆ ಕಾಡುಹಂದಿಯ ಕಾಟವು ಹೆಚ್ಚುವುದು. ಆಗ ತರುಣರು ನಮ್ಮನ್ನು ಕೇಳುವ ಪ್ರಶ್ನೆಗಳು ಮೂರು: ಬಿಲ್ಲು ಎಷ್ಟು ಬಿರುಸಾಗಿರಬೇಕು, ಬಾಣವು ಎಷ್ಟು ಉದ್ದವಿರಬೇಕು, ಅದರಿಂದ ಹಂದಿಯನ್ನು ಹೊಡೆಯಬಹುದೆ?

ಹೊಸಬನು ತೋಳು ನಡುಗದಂತೆ ಸೆಳೆದು ಹಿಡಿಯಬಲ್ಲ ಮೆದುಬಿಲ್ಲನ್ನೇ ಆರಿಸತಕ್ಕದ್ದು. ಬಿರುಸುಬಿಲ್ಲು ಹೆಗಲನ್ನು ನೋಯಿಸುವುದಲ್ಲದೆ ಗುರಿಯನ್ನು ಕಲಿಸದು. ಪೂರ್ತಿ ಸೆಳೆದಾಗಲೂ ಬಾಣದ ಮೊನೆಯು ಬಿಲ್ಲಿನಿಂದ ಮುಂದೆಯೇ ಇರಬೇಕು. ಗಿಡ್ಡ ಬಾಣವು ಬಿಲ್ಲು ಹಿಡಿದ ಕೈಯನ್ನೇ ಇರಿದೀತು. ಬಾಣ ಹೂಡದೆ ಬರಿಯ ಹೆದೆಯನ್ನು ಸೆಳೆದು ಬಿಡಲಾಗದು. ಬಾಣಕ್ಕೆ ಸಲ್ಲಬೇಕಾದ ಬಲವು ಬಿಲ್ಲಿಗೇ ತಗಲಿ ಅದು ಸೀಳುವುದುಂಟು.

ಮೂರನೆಯ ಪ್ರಶ್ನೆಗೆ ನಮ್ಮ ಉತ್ತರವು ಕೂಡದೆಂದೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿದೆ. ಕಾಯಿದೆಯ ಮಾತು ಹಾಗಿರಲಿ. ಬಾಣವು ಗುಂಡಿನಂತೆ ಬಡಿದು ಕೆಡಹುವುದಿಲ್ಲ, ರಕ್ತ ಸುರಿಸಿ ಕೊಲ್ಲುತ್ತದೆ. ಕಲಿಯುವವನ ಬಾಣವು ಮರ್ಮಕ್ಕೆ ತಾಗದಿದ್ದರೆ ಪ್ರಾಣಿಯು ಕಾಡಿನಲ್ಲಿ ದಿನಗಟ್ಟಲೆ ನರಳೀತು. ಗಾಯಗೊಂಡ ಹಂದಿಯು ದಾರಿಯಲ್ಲಿ ಸಿಕ್ಕವರ ಮೇಲೆ ಎರಗೀತು. ಬೆಳೆ ಕಳೆದುಕೊಂಡವರು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವುದೇ ಲೇಸು.

ಹಾಗೆಂದು ಬಿಲ್ಲನ್ನು ಬಿಸುಡಿರೆಂದು ನಾವು ಹೇಳೆವು. ಅದೇ 1972ರಲ್ಲಿ ಬಿಲ್ಲುವಿದ್ಯೆಯು 52 ವರ್ಷಗಳ ಬಳಿಕ ಒಲಿಂಪಿಕ್ ಪಂದ್ಯಗಳಿಗೆ ಮರಳಿತು. ಅಲ್ಲಿ ಇಂದು 70 ಮೀಟರು ದೂರದಿಂದ, 12.2 ಸೆಂಟಿಮೀಟರು ಅಗಲದ ನಡುವೃತ್ತಕ್ಕೆ ಬಾಣವನ್ನು ನಾಟಿಸಬೇಕು. ನಮ್ಮ ತರುಣರು ಜನಸಂಚಾರವಿಲ್ಲದೆಡೆ, ಮಣ್ಣಿನ ದಿಬ್ಬದ ಮುಂದೆ ಹುಲ್ಲಿನ ಪಿಂಡಿಯನ್ನು ನಿಲ್ಲಿಸಿ, ಹತ್ತು ಹೆಜ್ಜೆಯಿಂದ ಮೊದಲುಮಾಡಲಿ. ಅಲ್ಲಿ ತಪ್ಪಿದ ಬಾಣವು ಮಣ್ಣನ್ನು ಸೇರುವುದು. ಯಾವ ಜೀವವನ್ನೂ ನೋಯಿಸದು.